ಸಹಿರಾಯರು

ನ್ಯೂಜೆರ್ಸಿಯ ಕನ್ನಡಿಗರ ನಡುವೆ ಸಹಿರಾಯರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಯುಗಾದಿ ಊಟದ ಸಾಲಿನಲ್ಲಿ ಉಳಿದವರೆಲ್ಲ ಗ್ರೀನ್ ಕಾರ್ಡು, ಮಕ್ಕಳ ಕಾಲೇಜು, ಮನೆ ಸಾಲದ ಬಡ್ಡಿ ಎಂದು ಮಾತಾಡುತ್ತಿದ್ದರೆ, ಎಡಗೈಯಲ್ಲಿ ಫೋನು ಹಿಡಿದು ಪಕ್ಕದೆಲೆಯವರಿಗೆ ಫೋಟೋ ತೋರಿಸುತ್ತಿರುವವರೇ ಅವರು. ಫೋಟೋದಲ್ಲಿ ಹಾಲಿವುಡ್ಡಿನ ನಟನೊಬ್ಬ ಇಷ್ಟಗಲ ನಗುತ್ತಾ ನಿಂತಿರುತ್ತಾನೆ. ಪಕ್ಕದಲ್ಲಿ ರಾಯರು ಕಣ್ಣು ಮುಚ್ಚಿಕೊಂಡು ನಿಂತಿರುತ್ತಾರೆ.

“ಎಷ್ಟಾಯ್ತು ರಾಯರೇ?”

“180 ಡಾಲರ್.”

“ಕಣ್ಣು ಬಿಟ್ಟಿದ್ದರೆ?”

“ಆಗಲೂ ಅಷ್ಟೇ.”

ಇವರು ಒಬ್ಬರೇ ಅಂದುಕೊಳ್ಳಬೇಡಿ. ಅಟ್ಲಾಂಟಾದಲ್ಲೊಬ್ಬರು, ಸಾನ್ ಹೋಸೆಯಲ್ಲೊಬ್ಬರು, ಈಚೆಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೂ ಒಂದಿಬ್ಬರು ಸಹಿರಾಯರು ಮೊಳೆಯುತ್ತಿದ್ದಾರೆ. ನನಗೆ ಹತ್ತಿರದಿಂದ ಗೊತ್ತಿರುವವರು ಈ ನ್ಯೂಜೆರ್ಸಿಯವರು, ಅಷ್ಟೆ.

ಸಹಿಯ ವಿಷಯವೊಂದು ಬಿಟ್ಟರೆ ರಾಯರದು ಗಟ್ಟಿ ಕೈ. ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಎಂಬ ಅಭಿಮಾನಿಗಳ ಸಮಾವೇಶಕ್ಕೆ ಹೋಗುವಾಗ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಳ್ಳುತ್ತಾರೆ. ಅದು ನಡೆಯುವ ಜ್ಯಾವಿಟ್ಸ್ ಸೆಂಟರಿನೊಳಗೆ ಒಂದು ತುಂಡು ಪಿಜ್ಜಾಕ್ಕೆ ಕೇಳುವ ದುಡ್ಡು ಅವರ ಪ್ರಕಾರ ಹಗಲುದರೋಡೆ. ಕಾರನ್ನು ಹಡ್ಸನ್ ನದಿಯ ಈಚೆಗೇ ನಿಲ್ಲಿಸಿ ರೈಲು ಹತ್ತುತ್ತಾರೆ. ಹೀಗೆ ಬೆಳಗಿನಿಂದ ಪೈಸೆ ಪೈಸೆ ಉಳಿಸಿ, ಮಧ್ಯಾಹ್ನ ಒಂದು ಪರದೆಯ ಹಿಂದೆ ಹೋಗಿ ಐದು ಸೆಕೆಂಡಿಗೆ ಅದಷ್ಟನ್ನೂ ಸುರಿದು ಬರುತ್ತಾರೆ.

ಐದು ಸೆಕೆಂಡು ಎಂಬುದು ಉತ್ಪ್ರೇಕ್ಷೆಯಲ್ಲ. ಈ ‘ಫೋಟೋ ಆಪ್’ ನಡೆಯುವ ಜಾಗವನ್ನು ನೋಡಿದರೆ ನಮ್ಮ ಮದುವೆ ರಿಸೆಪ್ಷನ್‌ಗಳ ವೇದಿಕೆಯಲ್ಲಿ ಎಷ್ಟು ಧಾರಾಳತನವಿದೆ ಎಂದು ತಿಳಿಯುತ್ತದೆ. ಚೀಲ ಮೇಜಿನ ಮೇಲಿಡಿ, ನೆಲದ ಗುರುತಿನ ಮೇಲೆ ನಿಲ್ಲಿ, ಕ್ಯಾಮೆರಾ ನೋಡಿ, ಮುಂದೆ ನಡೀರಿ. ನಟನ ಜೊತೆ ಮಾತಾಡಬೇಕೆಂದರೆ ಅದಕ್ಕೆ ಬೇರೆ ಸಾಲು, ಬೇರೆ ದುಡ್ಡು. ಸಹಿಯ ಮೇಜಿನ ಮೇಲೆ ದರಪಟ್ಟಿ ನಿಲ್ಲಿಸಿರುತ್ತಾರೆ. ಅವರೇ ಕೊಡುವ ಫೋಟೋ ಮೇಲೆ ಸಹಿಗೆ ಇಷ್ಟು, ನೀವು ತಂದ ಬೊಂಬೆಯ ಮೇಲೆ ಹಾಕಿದರೆ ಇಷ್ಟು, ಪಾತ್ರದ ಹೆಸರನ್ನೋ ಹೆಸರಾದ ಡೈಲಾಗನ್ನೋ ಬರೆದುಕೊಟ್ಟರೆ ಅದರ ಮೇಲಿಷ್ಟು, ಮೇಜಿನ ಈಚೆ ನಿಂತು ನಿಮ್ಮದೇ ಫೋನಿನಲ್ಲಿ ಸೆಲ್ಫಿ ತೆಗೆದುಕೊಂಡರೆ ಇನ್ನಷ್ಟು. ಯಾವುದೋ ಸರಣಿಯ ಎರಡು ಕಂತಿನಲ್ಲಿ ಬಂದು ಹೋದವರು 40-50 ಡಾಲರಿಗೆ ಸಿಗುತ್ತಾರೆ, ದೊಡ್ಡ ಹೆಸರುಗಳು 200 ದಾಟುತ್ತವೆ. ಒಳಗೆ ಬರಲು ಕೊಟ್ಟ ಟಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಟಿಕೆಟ್ಟು ಕೊಂಡದ್ದು ಬೇರೆಯವರು ಖರ್ಚು ಮಾಡುವುದನ್ನು ನೋಡಲಿಕ್ಕೆ.

ದುಡ್ಡು ಯಾರ ಜೇಬಿಗೆ ಎಂದು ಕೇಳಿದರೆ ರಾಯರು ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ. ದೊಡ್ಡ ನಟರಿಗೆ ಸಂಘಟಕರು ಇಂತಿಷ್ಟು ಎಂದು ‘ಗ್ಯಾರಂಟಿ’ ಕೊಟ್ಟಿರುತ್ತಾರೆ. ಸಹಿಯಿಂದ ಅಷ್ಟು ಹುಟ್ಟದಿದ್ದರೆ ಉಳಿದದ್ದನ್ನು ಸಂಘಟಕರು ಕೈಯಿಂದ ತುಂಬಬೇಕು, ಹೆಚ್ಚು ಹುಟ್ಟಿದರೆ ಹೆಚ್ಚಿನದು ನಟನಿಗೆ. “ಅಂದರೆ ನಾವು ಸಾಲಿನಲ್ಲಿ ನಿಲ್ಲದಿದ್ದರೆ ಪಾಪ, ಸಂಘಟಕರು ಮುಳುಗಿಹೋಗ್ತಾರೆ” ಎನ್ನುತ್ತಾರೆ, ತಾವು ನಿಂತದ್ದು ಸಮಾಜಸೇವೆಯೆಂಬ ಧಾಟಿಯಲ್ಲಿ. ಈ ಸಾಲು ಹೊಸದೇನಲ್ಲ. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿಗಳ ಮೊದಲ ದೊಡ್ಡ ಸಮಾವೇಶ ನಡೆದಾಗ, ಕೆಲವು ನೂರು ಜನ ಬಂದಾರೆಂದು ಕಾದವರ ಮುಂದೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದು ನಿಂತರಂತೆ. ನಿಂತು ಹೋದ ಧಾರಾವಾಹಿಗೂ ಇಷ್ಟು ಜನ ಸೇರುತ್ತಾರೆಂದ ಮೇಲೆ ಮೇಜು ಹಾಕಿ ದರಪಟ್ಟಿ ನಿಲ್ಲಿಸುವುದು ಎಷ್ಟು ಹೊತ್ತಿನ ಕೆಲಸ?

ರಾಯರನ್ನು ನಿಜಕ್ಕೂ ಹೈರಾಣು ಮಾಡಿದವನು ಡಾರ್ತ್ ವೇಡರ್. ಸ್ಟಾರ್ ವಾರ್ಸ್ ಚಿತ್ರಗಳ ಆ ಕಪ್ಪು ಮುಖವಾಡದ ಖಳನಾಯಕನ ಸಹಿ ಬೇಕೆಂದು ಹೊರಟರೆ, ಖಳನಾಯಕ ಒಬ್ಬನಲ್ಲ. ಉಡುಪಿನೊಳಗಿದ್ದ ದೇಹ ಡೇವಿಡ್ ಪ್ರೌಸ್ ಅವರದು. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಕತ್ತಿ ಝಳಪಿಸಿದ್ದು ಬಹುಪಾಲು ಬಾಬ್ ಆಂಡರ್ಸನ್. ಕೊನೆಗೆ, 1983ರ ಚಿತ್ರದಲ್ಲಿ ಮುಖವಾಡ ತೆಗೆದಾಗ ಕಂಡ ಮುಖ ಸೆಬಾಸ್ಟಿಯನ್ ಶಾ ಅವರದು. ಆಮೇಲೆ ಬಂದ ಚಿತ್ರಗಳಲ್ಲಿ ಯುವಕ ವೇಡರ್ ಆಗಿ ಹೇಡನ್ ಕ್ರಿಸ್ಟೆನ್ಸನ್. ಒಬ್ಬ ದುಷ್ಟನಿಗೆ ಐದು ಸಹಿ! ಪ್ರೌಸ್ ಮಾತ್ರ ತಾವೇ ವೇಡರ್ ಎಂದು ಸಹಿಯ ಜೊತೆಗೇ ಬರೆದುಕೊಡುತ್ತಿದ್ದರು, ಉಳಿದವರ ಹಕ್ಕನ್ನು ಅಲ್ಲಿಗೇ ಚುಕ್ತಾ ಮಾಡುವಂತೆ. ಶಾ ತೀರಿಕೊಂಡದ್ದು 1994ರಲ್ಲಿ. ಆಗ ರಾಯರು ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದರು. ಆ ವರ್ಷ ಗಣಿತದಲ್ಲಿ ಹೋದ ಅಂಕಕ್ಕಿಂತ ಆ ಸಹಿ ಹೋದದ್ದು ಈಗ ಹೆಚ್ಚು ಕಾಡುತ್ತದೆ.

ದರ ಕೇಳಿ ಯಾರಾದರೂ ಹುಬ್ಬೇರಿಸಿದರೆ ರಾಯರ ಬಳಿ ಬಿಟ್ಟಿ ಸಹಿಯ ಕಥೆಗಳು ಸಿದ್ಧವಿರುತ್ತವೆ. ನಟ ಪಾಲ್ ನ್ಯೂಮನ್ ಶೌಚಾಲಯದಲ್ಲಿ ನಿಂತಿದ್ದಾಗ ಯಾರೋ ಕಾಗದ ಚಾಚಿದ್ದೇ ಸಾಕಾಗಿ ಸಹಿ ಹಾಕುವುದನ್ನೇ ಬಿಟ್ಟರು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮ ಸಹಿಗಳು ಮಾರಾಟವಾಗುವುದನ್ನು ಕಂಡು 1990ರ ದಶಕದಲ್ಲಿ ಪೆನ್ನು ಮುಚ್ಚಿದರು. ಹಾಸ್ಯನಟ ಸ್ಟೀವ್ ಮಾರ್ಟಿನ್ ಸಹಿಯ ಬದಲು ಒಂದು ಕಾರ್ಡು ಕೊಡುತ್ತಿದ್ದರು: ಈತ ನನ್ನನ್ನು ಖುದ್ದಾಗಿ ಭೇಟಿಯಾಗಿದ್ದು, ನಾನು ಒಳ್ಳೆಯವನೆಂದು ಕಂಡುಕೊಂಡಿದ್ದಾನೆ ಎಂಬರ್ಥದ ಪ್ರಮಾಣಪತ್ರ. ಇನ್ನು ಸ್ಟಾರ್ ವಾರ್ಸಿನಲ್ಲೇ ನಟಿಸಿದ್ದ ಅಲೆಕ್ ಗಿನ್ನೆಸ್. ಸ್ಟಾರ್ ವಾರ್ಸನ್ನು ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆಂದ ಹುಡುಗನಿಗೆ, ಇನ್ನೆಂದೂ ಆ ಚಿತ್ರ ನೋಡುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಸಹಿ ಎಂದರಂತೆ. “ನೋಡಿ, ಬಿಟ್ಟಿ ಸಹಿ ಅಂದ್ರೆ ಇದು. 200 ಡಾಲರ್ ಎಷ್ಟೋ ವಾಸಿ” ಎನ್ನುತ್ತಾರೆ ರಾಯರು. ನನಗೂ ಹಾಗೇ ಅನ್ನಿಸುತ್ತದೆ. ದುಡ್ಡು ಕೊಟ್ಟವನು ಹಲ್ಲು ಗಿಂಜಬೇಕಾಗಿಲ್ಲ, ಹೋಟೆಲಿನಲ್ಲಿ ಊಟಕ್ಕೆ ಕೂತವರ ತಟ್ಟೆಗೆ ಅಡ್ಡ ಬರಬೇಕಾಗಿಲ್ಲ. ಆ ಕಡೆ ಕೂತವರಿಗೂ ಅದು ಅಷ್ಟೇನೂ ಸುಖದ ಕೆಲಸವಲ್ಲ. ಸ್ಟಾರ್ ವಾರ್ಸ್ ನಟಿ ಕ್ಯಾರಿ ಫಿಶರ್ ತಮ್ಮ 2016ರ ಪುಸ್ತಕದಲ್ಲಿ ದುಡ್ಡಿಗೆ ಸಹಿ ಹಾಕುವುದನ್ನು ನೈಟ್‌ಕ್ಲಬ್ಬಿನ ಕುಣಿತಕ್ಕೇ ಹೋಲಿಸಿ ತಮ್ಮನ್ನೇ ಗೇಲಿ ಮಾಡಿಕೊಂಡಿದ್ದಾರೆ.

ಸಹಿ ಕೈಗೆ ಬಂದ ಮೇಲೆ ರಾಯರ ನಿಜವಾದ ಚಿಂತೆ ಶುರು. ಇದು ಅಸಲಿ ಎಂದು ನಂಬುವವರು ಯಾರು? 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ನಕಲಿ ಸಹಿಯ ಜಾಲಗಳನ್ನು ಹಿಡಿದಾಗ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿಯಿದ್ದ ಬೇಸ್‌ಬಾಲ್‌ಗಳೂ ಇದ್ದವು. ಅದನ್ನು ಕೊಳ್ಳಲು ಸಿದ್ಧನಿದ್ದ ಭಕ್ತನನ್ನು ಒಮ್ಮೆ ನೋಡಬೇಕೆಂದು ನನಗೆ ಬಹಳ ಆಸೆ. ಸ್ಟಾರ್ ವಾರ್ಸ್ ನಟ ಮಾರ್ಕ್ ಹ್ಯಾಮಿಲ್ ಅವರಂತೂ ಅಭಿಮಾನಿಗಳು ಕಳಿಸಿದ ಚಿತ್ರ ನೋಡಿ ಇದು ನನ್ನದು, ಇದು ನನ್ನದಲ್ಲ ಎಂದು ಟ್ವಿಟರಿನಲ್ಲೇ ತೀರ್ಪು ಕೊಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಇದಕ್ಕೊಂದು ಕಾನೂನೇ ಬಂತು. ಸಹಿಯಿರುವ ವಸ್ತುವನ್ನು ಮಾರುವಾಗ ವ್ಯಾಪಾರಿ ಪ್ರಮಾಣಪತ್ರ ಕೊಡಬೇಕು. ಇಷ್ಟು ಸಾಲದೆಂಬಂತೆ ಸಹಿ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡುವುದಕ್ಕೂ ಸಂಬಳದ ಸಾಕ್ಷಿಗಳಿದ್ದಾರೆ, ಅವರು ನೋಡಿದ್ದೇವೆಂದು ಅಂಟಿಸುವ ಚೀಟಿಗೂ ಶುಲ್ಕವಿದೆ.

ಇಷ್ಟೆಲ್ಲ ಲೆಕ್ಕಾಚಾರದ ರಾಯರ ಬಜೆಟ್ಟು ಪ್ರತಿಸಲವೂ ಮುರಿದುಬೀಳುವುದು ಒಂದೇ ಕಡೆ: ಸಾಲೇ ಇಲ್ಲದ ಮೇಜಿನ ಮುಂದೆ. ಹೆಸರಾಂತರ ಮುಂದೆ ಹಗ್ಗ ಕಟ್ಟಿ ಜನರನ್ನು ಹಾವಿನಂತೆ ಸುತ್ತಿಸಿರುತ್ತಾರೆ. ಅದರಾಚೆ, ಮೂವತ್ತು ವರ್ಷದ ಹಿಂದೆ ರಬ್ಬರಿನ ಮುಖ ತೊಟ್ಟು ನಾಯಕನಿಂದ ಏಟು ತಿಂದು ಬಿದ್ದ ಸೈನಿಕರು ತಮ್ಮ ಫೋಟೋಗಳನ್ನು ಇಸ್ಪೀಟೆಲೆಯಂತೆ ಜೋಡಿಸಿಕೊಂಡು ಕೂತಿರುತ್ತಾರೆ. ಬುದ್ಧಿವಂತರು ಆ ಓಣಿಯಲ್ಲಿ ಫೋನು ನೋಡುತ್ತಾ ನಡೆಯುತ್ತಾರೆ. ರಾಯರು ತಲೆಯೆತ್ತುತ್ತಾರೆ, ಕಣ್ಣಿಗೆ ಕಣ್ಣು ಸೇರುತ್ತದೆ, ಆತ “ಹಲೋ” ಎನ್ನುತ್ತಾನೆ. ಮುಗಿಯಿತು, 40 ಡಾಲರ್. ಮೈಸೂರಿನವರು ನೋಡಿ, ಮುಖಕ್ಕೆ ಮುಖ ಕೊಟ್ಟ ಮೇಲೆ ಬೇಡ ಎನ್ನಲು ನಾಲಿಗೆ ಹೊರಳುವುದಿಲ್ಲ. ಅವರ ನೆಲಮಾಳಿಗೆಯಲ್ಲಿ ನಾಯಕರಿಗಿಂತ ಸತ್ತ ಸೈನಿಕರ ಸಂಖ್ಯೆಯೇ ದೊಡ್ಡದು.

ಕಳೆದ ಬೇಸಿಗೆಯಲ್ಲಿ ರಾಯರ ತಂದೆ ಆರು ತಿಂಗಳಿಗೆಂದು ಬಂದಿದ್ದರು. ನೀರಾವರಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಕ್ಸಿಕ್ಯುಟಿವ್ ಇಂಜಿನಿಯರ್ ಆಗಿ ನಿವೃತ್ತರಾದವರು, ಎಂದರೆ ಗೆಜೆಟೆಡ್ ಅಧಿಕಾರಿ. ಮೇ-ಜೂನ್ ಬಂತೆಂದರೆ ಸರಸ್ವತಿಪುರಂನ ಅವರ ಗೇಟಿನಿಂದ ಬೀದಿಯ ತಿರುವಿನವರೆಗೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಿದ ಮಕ್ಕಳ ಸಾಲು. ಮೂಲಪ್ರತಿಯನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ, ಹಸಿರು ಶಾಯಿಯಲ್ಲಿ ಸಹಿ, ಕೆಳಗೆ ದಿನಾಂಕ, ಅದರ ಕೆಳಗೆ ಮೊಹರು. ಕಾಸಿಲ್ಲ. ಒಳಗಿಂದ ಒಮ್ಮೊಮ್ಮೆ ಮಜ್ಜಿಗೆಯೂ ಬರುತ್ತಿತ್ತು. ಮಗನ ಮಾರ್ಕ್ಸ್ ಕಾರ್ಡಿಗೆ ಮಾತ್ರ ಹಾಕಲಿಲ್ಲ. ಸ್ವಂತದವರಿಗೆ ತಾನೇ ಹಾಕುವುದು ಸರಿಯಲ್ಲವೆಂದು ಪಶುವೈದ್ಯಾಧಿಕಾರಿಯ ಮನೆಗೆ ಕಳಿಸಿದ್ದರು. 2014ರಲ್ಲಿ ಕೇಂದ್ರ ಸರ್ಕಾರ ಅವರವರೇ ದೃಢೀಕರಿಸಿಕೊಂಡರೆ ಸಾಕು ಎಂದಾಗ ಮುದುಕರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ರಾಯರು ಅವರನ್ನು ಹತ್ತಿರದ ಹೋಟೆಲಿನಲ್ಲಿ ನಡೆದ ಒಂದು ಚಿಕ್ಕ ಸಮಾವೇಶಕ್ಕೆ ಕರೆದೊಯ್ದರು. ದರಪಟ್ಟಿ ಓದಿದ ತಂದೆ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ನಮ್ಮ ರಾಜಕುಮಾರ್ ಅಭಿಮಾನಿಗಳನ್ನ ದೇವರು ಅಂದ್ರು. ಇಲ್ಲಿ ದೇವರ ಹತ್ರಾನೇ ಕಾಣಿಕೆ ಕೇಳ್ತಾರಲ್ಲೋ!”

“ಗಾಂಧೀಜಿಯವರೂ ಸಹಿಗೆ 5 ರೂಪಾಯಿ ತಗೋತಿದ್ರು, ಅಪ್ಪ.”

“ಅದು ಹರಿಜನ ನಿಧಿಗೆ. ಇವನು ಯಾವ ನಿಧಿಗೆ ಕೊಡ್ತಾನೆ?”

“ಮನೆ ಬಾಡಿಗೆಗೆ” ಎಂದರು ರಾಯರು. ತಂದೆ ಅದಕ್ಕೆ ಏನೂ ಅನ್ನಲಿಲ್ಲ. ಖಾಲಿ ಮೇಜಿನ ಸೈನಿಕನ ಮುಂದೆ ಹೋಗಿ ಕುರ್ಚಿ ಎಳೆದು ಕೂತೇಬಿಟ್ಟರು.

ಹುದ್ದೆ ಯಾವುದೆಂದು ಕೇಳಿದರು. ಮೂರನೆಯ ಸೈನಿಕ ಎಂದ. ಎಷ್ಟು ವರ್ಷದ ಸರ್ವೀಸು? ಒಂದೂವರೆ ದಿನದ ಚಿತ್ರೀಕರಣ. ಪಿಂಚಣಿ? ಆತ ಜೋರಾಗಿ ನಕ್ಕ. ಹಿಂದೆ ಕಾಯುವವರು ಯಾರೂ ಇಲ್ಲದ್ದರಿಂದ ಮಾತು ಮುಕ್ಕಾಲು ಗಂಟೆ ನಡೆಯಿತು. ಕಣ್ಣಿನ ಪೊರೆ, ಮೊಣಕಾಲು ನೋವು, ಕೃಷ್ಣರಾಜಸಾಗರದ ಗೇಟುಗಳು, ಎಲ್ಲ ಬಂದವು. ದೊಡ್ಡ ನಟನ ಹತ್ತಿರ ಇಷ್ಟು ಹೊತ್ತಿಗೆ ರಾಯರು ಮನೆ ಮಾರಬೇಕಾಗುತ್ತಿತ್ತು. ಕೊನೆಗೆ ಆತ ಫೋಟೋ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಸಹಿ ಹಾಕಿಕೊಟ್ಟ. ತಂದೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ದಿನಾಂಕ ಇಲ್ಲ. ಮೊಹರಿಲ್ಲ. ಇದು ಎಲ್ಲೂ ನಡೆಯಲ್ಲ” ಎಂದು ಜೇಬಿನಿಂದ ಪೆನ್ನು ತೆಗೆದರು. ರಾಯರು ಹಾಂ ಹಾಂ ಎನ್ನುವಷ್ಟರಲ್ಲಿ ಸಹಿಯ ಕೆಳಗೇ, ಹಸಿರು ಶಾಯಿಯಲ್ಲಿ, ‘ನನ್ನ ಸಮಕ್ಷಮ ಸಹಿ ಮಾಡಲಾಗಿದೆ’ ಎಂದು ಬರೆದು, ತಮ್ಮ ಹೆಸರು, ದಿನಾಂಕ, ಕಂಸದಲ್ಲಿ ‘ನಿವೃತ್ತ’ ಎಂದೂ ಸೇರಿಸಿದರು. ಅಧಿಕಾರ ಇಲ್ಲದಿರುವುದನ್ನು ಮುಚ್ಚಿಡುವವರಲ್ಲ.

ರಾಯರು ಆ ಫೋಟೋವನ್ನು ದೃಢೀಕರಣದ ಕಂಪನಿಯೊಂದಕ್ಕೆ ಕಳಿಸಿದರು. ತಿಂಗಳಾದ ಮೇಲೆ ಉತ್ತರ ಬಂತು. ಬೆಳ್ಳಿ ಸಹಿ ಅಸಲಿ. ಹಸಿರು ಸಹಿ ಯಾರದೆಂದು ತಿಳಿಯುತ್ತಿಲ್ಲ, ಹೋಲಿಸಿ ನೋಡಲು ತಮ್ಮಲ್ಲಿ ಮಾದರಿ ಇಲ್ಲ, ಅದೇ ಕಾಲದ ಬೇರೆ ಸಹಿಗಳಿದ್ದರೆ ಕಳಿಸಿ, ಎರಡನೆಯ ಸಹಿಗೆ ಶುಲ್ಕ ಪ್ರತ್ಯೇಕ. ರಾಯರು ಶುಲ್ಕ ಕಟ್ಟಿದರು. ಆಮೇಲೆ ತಮ್ಮ ಹಳೆಯ ಫೈಲು ತೆಗೆದು ನೋಡಿದರೆ ಉದ್ದಕ್ಕೂ ಪಶುವೈದ್ಯಾಧಿಕಾರಿ. ತಂದೆಯನ್ನೇ ಕೇಳೋಣವೆಂದರೆ, ಕಾರಣವಿಲ್ಲದೆ ಖಾಲಿ ಕಾಗದಕ್ಕೆ ಸಹಿ ಹಾಕುವ ಪೈಕಿಯಲ್ಲ. ರಾತ್ರಿ ಎದ್ದು ಕೂತು ಮೈಸೂರಿಗೆ, ಶಾಲೆಯ ದಿನಗಳ ಗೆಳೆಯನಿಗೆ ಫೋನು ಹಚ್ಚಿದರು.

“ಲೋ, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇದೆಯೇನೋ? ನಮ್ಮಪ್ಪ ಅಟೆಸ್ಟ್ ಮಾಡಿದ್ದು?”

“ಇದೆ ಕಣೋ, ಮೂರು ಪ್ರತಿ ಇದೆ. ಎಷ್ಟು ಕೊಡ್ತೀಯ?”