ಒಂಟಿ ನಳಿಗೆಯಜ್ಜನ ಸಂದರ್ಶನ

ಟೆಕ್ಸಸ್‌ನಲ್ಲಿರುವ ನನ್ನ ಅಕ್ಕನ ಮಗ ಒಂದು ವಿಡಿಯೊ ಕಳಿಸಿದ್ದ. ಹೊಸದಾಗಿ ಕೊಂಡ ಸೆಮಿ ಆಟೋಮ್ಯಾಟಿಕ್ ಬೇಟೆ ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿಕೊಂಡಿದ್ದಾನೆ. ಅದರ ಹಿಂಬದಿಗೆ ತೆಳ್ಳನೆ ಬಿಲ್ಲೆ ಸೇರಿಸುತ್ತಾನೆ, ಕೆನ್ನೆ ತಾಗುವ ಜಾಗವನ್ನು ಕಾಲಿಂಚು ಎತ್ತರಿಸುತ್ತಾನೆ, ಭುಜಕ್ಕೆ ತಾಗುವ ಕಡೆ ಮೆತ್ತನೆ ರಬ್ಬರ್ ಕೂರಿಸುತ್ತಾನೆ. ಬಾಣಂತಿ ಕೂಸಿಗೆ ಕುಲಾವಿ ಕಟ್ಟುವುದೂ ಇಷ್ಟು ಮುತುವರ್ಜಿಯಲ್ಲಿ ಅಲ್ಲ. ಕೊನೆಗೊಂದು ಸಾಲು: "ಮಾವ, ಊರಲ್ಲಿ ನಮ್ಮ ಕೋವಿ ಹೇಗಿದೆ?"

ನಮ್ಮ ಕೋವಿ ಎಂದರೆ ಭದ್ರಾವತಿಯಿಂದ ಆಚೆ, ಭದ್ರಾ ಕಾಡಿನ ಅಂಚಿಗಿರುವ ಚಿಕ್ಕಪ್ಪನ ತೋಟದ ಮನೆಯ ಹನ್ನೆರಡು ಬೋರಿನ ಒಂಟಿ ನಳಿಗೆ ತೋಟೆ ಕೋವಿ. ಅಜ್ಜಯ್ಯನ ಕಾಲದ್ದು. ಉತ್ತರವನ್ನು ಅದರ ಬಾಯಿಂದಲೇ ಕೇಳೋಣವೆಂದು ಶಿವಮೊಗ್ಗದಲ್ಲಿ ಬೆಳಗಿನ ಬಸ್ಸು ಹತ್ತಿದೆ. ಚಿಕ್ಕಪ್ಪ ಕಪಾಟಿನ ಬೀಗ ತೆಗೆದು, ನಳಿಗೆ ಮಡಿಚಿ, ಒಳಗೆ ತೋಟೆ ಇಲ್ಲವೆಂದು ಎರಡು ಸಲ ನೋಡಿ, ಜಗಲಿಯ ಚಾಪೆಯ ಮೇಲೆ ಮಲಗಿಸಿದರು. "ಲೈಸೆನ್ಸ್ ನನ್ನ ಹೆಸರಲ್ಲಿದೆ. ಮಾತಾಡು, ಮುಟ್ಟಬೇಡ" ಎಂದು ಹೇಳಿ ಎದುರಿಗೇ ಅಡಿಕೆ ಸುಲಿಯಲು ಕೂತರು.

ನಾನು: ನಮಸ್ಕಾರ ಅಜ್ಜ. ಆರಾಮಾ?

ಕೋವಿ: ಕೆಲಸ ಇಲ್ಲದವರಿಗೆ ಆರಾಮಲ್ಲದೆ ಇನ್ನೇನು ತಮ್ಮಾ? ಆಯುಧಪೂಜೆಗೆ ಕುಂಕುಮ, ಚೆಂಡುಹೂ. ಲೈಸೆನ್ಸ್ ರಿನ್ಯೂವಲ್ಲಿಗೆ ಒಂದು ಪೇಟೆ ಯಾತ್ರೆ. ಎಲೆಕ್ಷನ್ ಬಂದರೆ ಪೊಲೀಸರಿಗೆ ಒಪ್ಪಿಸ್ತಾರೆ, ಠಾಣೆವಾಸ. ಕೊನೇ ಈಡು ಹೊಡೆದದ್ದು ಯಾವಾಗ ಅಂತ ಮಾತ್ರ ಕೇಳಬೇಡ.

ನಾನು: ಯಾವಾಗ?

ಕೋವಿ: ಹೋದ ಮಳೆಗಾಲಕ್ಕೆ ಮೊದಲು. ಮಂಗ ಬೆದರಿಸೋಕೆ ಗಾಳಿಗೆ ಹೊಡೆದರು. ಗುರಿ ತಪ್ಪಲಿಲ್ಲ, ಸರಿಯಾಗಿ ಗಾಳಿಗೇ ಬಿತ್ತು.

ನಾನು: ನಮ್ಮ ಹುಡುಗ ಟೆಕ್ಸಸ್‌ನಲ್ಲಿ ಸೆಮಿ ಆಟೋಮ್ಯಾಟಿಕ್ ತಗೊಂಡಿದ್ದಾನೆ.

ಕೋವಿ: ಆಟೋ ಗೊತ್ತು, ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಸಾಲಾಗಿ ನಿಂತಿರ್ತವೆ. ಸೆಮಿ ಅಂದರೆ ಅರ್ಧ ದಾರಿಗೆ ಇಳಿಸೋದಾ?

ನಾನು: ಅಲ್ಲಜ್ಜ. ಒಂದು ಈಡಾಯಿತು ಅಂದರೆ ಆ ಮದ್ದಿನ ಗ್ಯಾಸಿನ ಒತ್ತಡವೇ ಖಾಲಿ ತೋಟೆಯನ್ನ ಹೊರಗೆಸೆದು ಮುಂದಿನದನ್ನ ಒಳಗೆ ತಳ್ಳುತ್ತೆ. ಟ್ರಿಗರ್ ಎಳೆದಾಗೊಮ್ಮೆ ಒಂದು. ಭುಜಕ್ಕೆ ಒದೆತವೂ ಕಮ್ಮಿಯಂತೆ.

ಕೋವಿ: ಇರಲಿ, ಮಕ್ಕಳು ಸುಖವಾಗಿರಲಿ. ನನ್ನದಾದರೆ ಒಂದು ಈಡಾದ ಮೇಲೆ ನಳಿಗೆ ಮಡಿಚಬೇಕು. ಮಳೆಗಾಲದಲ್ಲಿ ಕಾಗದದ ತೋಟೆ ಊದಿಕೊಂಡು ಕಚ್ಚಿಕೊಂಡಿರ್ತಿತ್ತು, ಅದನ್ನ ಉಗುರಲ್ಲಿ ಕೀಳಬೇಕು. ಇನ್ನೊಂದನ್ನ ಜೇಬಲ್ಲಿ ತಡಕಬೇಕು. ಅಷ್ಟರಲ್ಲಿ ಹಂದಿ ಪಕ್ಕದವರ ಶುಂಠಿ ಗದ್ದೆ ಸೇರಿರುತ್ತೆ. ಅದಕ್ಕೇ ನಿಮ್ಮಜ್ಜಯ್ಯ ಮರಸು ಕೂತರೆ ಮೊದಲ ಈಡಿಗೆ ಉಸಿರು ಬಿಗಿಹಿಡಿಯೋನು. ಹಿಂದೆ ಇನ್ನೂ ನಾಲ್ಕು ಇದೆ ಅಂತ ಗೊತ್ತಿದ್ದರೆ ಮೊದಲನೇದನ್ನ ಯಾವನು ನೋಡಿ ಹೊಡೀತಾನೆ?

ಇಲ್ಲಿ ಒಂದು ಮಾತು. ಈ ಅಜ್ಜನದು ಹಳೇ ಕಾಲದ ಜಂಬವೇ ಸರಿ, ಆದರೆ ಸುಳ್ಳಲ್ಲ. ನಮ್ಮ ಜಿಲ್ಲೆಯ ತ್ಯಾಗರ್ತಿ, ಚೋರಡಿ ಕಡೆ ಹುಲಿಗಳ ಹಿಂದೆ ಅಲೆದ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು ಪಾಯಿಂಟ್ 405 ವಿಂಚೆಸ್ಟರ್. ಅದಕ್ಕೂ ಈಡಿಗೊಮ್ಮೆ ಕೆಳಗಿನ ಲಿವರ್ ಎಳೆಯಬೇಕಿತ್ತು. ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್ನನ ಬೇಟೆ ಕತೆ ಓದಿದ ಹುಡುಗರೆಲ್ಲ ಪೊರಕೆ ಕಡ್ಡಿಗೂ ಲಿವರ್ ಎಳೆದವರೇ. ನಾನೂ ಎಳೆದಿದ್ದೇನೆ.

ನಾನು: ಹುಡುಗನದರಂಥ ಸೆಮಿ ಆಟೋಮ್ಯಾಟಿಕ್ ಒಂದನ್ನ ಇಲ್ಲೂ ತರಿಸಿದರೆ ಹೇಗೆ?

ಕೋವಿ: ತರಿಸು. ಜೊತೆಗೊಬ್ಬ ವಕೀಲನನ್ನೂ ತರಿಸು. 2016ರ ಆಯುಧ ನಿಯಮದಲ್ಲಿ ಆ ಜಾತಿ ನಿರ್ಬಂಧಿತ ಪಟ್ಟಿಗೆ ಸೇರಿದೆ. ಶಿವಮೊಗ್ಗದ ಡಿಸಿ ಆಫೀಸಿನ ಮಾತಲ್ಲ, ದೆಹಲಿಯ ಗೃಹ ಇಲಾಖೆಯ ಬಾಗಿಲು ಅದು. 1959ರ ಕಾಯ್ದೆ ನಿನ್ನಂಥ ರೈತರ ಮಕ್ಕಳಿಗೆ ಅಂತ ಇಟ್ಟಿರೋದು ಬೇರೆ. ಬರೀ ಬೆಳೆ ಕಾಯೋಕಾದರೆ ಬಾಯಿಂದ ಮದ್ದು ಜಡಿಯೋ ಕೇಪಿನ ಕೋವಿ. ರಕ್ಷಣೆಗೆ ಅಂದರೆ ನನ್ನ ಹಾಗೆ ಒಳಗೆ ನುಣುಪಾಗಿರುವ, 20 ಇಂಚಿಗೆ ಕಮ್ಮಿ ಇಲ್ಲದ ನಳಿಗೆ. ಹಿಂದೆ ಒಬ್ಬರಿಗೆ ಮೂರು ಕೋವಿ ಆಗ್ತಿತ್ತು, 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಮೂರು ವರ್ಷದ ಲೈಸೆನ್ಸನ್ನ ಐದಕ್ಕೆ ಏರಿಸಿದ್ದೂ ಅದೇ. ಒಂದು ಕೈಲಿ ಕಿತ್ತು ಒಂದು ಕೈಲಿ ಕೊಟ್ಟರು.

ನಾನು: ಒಳ್ಳೆ ಬೇಟೆ ಕೋವಿ ಆರಿಸೋದು ಹೇಗೆ ಅಂತ ಓದುಗರಿಗೆ...

ಕೋವಿ: ಬೇಟೆ ಅನ್ನೋದನ್ನ ಮೆಲ್ಲಗೆ ಹೇಳು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಸುಬು ಮುಗಿಯುತ್ತಾ ಬಂತು. ಒಳ್ಳೇದೇ ಆಯಿತು. ನಾವು ಸುಮ್ಮನಾಗದೇ ಇದ್ದರೆ ಈ ಕಾಡಲ್ಲಿ ಮರ ಬಿಟ್ಟು ಇನ್ನೇನೂ ಉಳೀತಿರಲಿಲ್ಲ. ನಾನೀಗ ಬೆರ್ಚಪ್ಪ. ಅದರಲ್ಲೂ ಎರಡನೇ ದರ್ಜೆ ಬೆರ್ಚಪ್ಪ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಮಂಗ ಓಡಿಸೋಕೆ ಮನೆ ನಾಯಿಗೆ ಹುಲಿ ಪಟ್ಟೆ ಬಳಿದರು ನೋಡು, ಪೇಪರೆಲ್ಲ ಅದರದ್ದೇ ಫೋಟೊ. ನಾಯಿಗೆ ಲೈಸೆನ್ಸ್ ಬೇಡ, ಠಾಣೆಗೆ ಒಪ್ಪಿಸೋದೂ ಬೇಡ.

ನಾನು: ಟೆಕ್ಸಸ್‌ನಲ್ಲಿ 2019ರಿಂದ ಖಾಸಗಿ ಜಮೀನಲ್ಲಿ ಮಾಲೀಕ ಒಪ್ಪಿದರೆ ಕಾಡುಹಂದಿ ಹೊಡೆಯೋಕೆ ಬೇಟೆ ಲೈಸೆನ್ಸೇ ಬೇಡವಂತೆ.

ಕೋವಿ: ಮೂಲದಲ್ಲಿ ಅದೇ ಜಾತಿ ಹಂದಿ, ಅಲ್ವಾ? ಹುಟ್ಟಿದರೆ ಭದ್ರಾವತಿಯಲ್ಲಿ ಹುಟ್ಟಬೇಕು.

ಇದು ಹಂದಿಯ ಪರವೋ ರೈತನ ವಿರುದ್ಧವೋ ತಿಳಿಯಲಿಲ್ಲ. ಚಿಕ್ಕಪ್ಪ ತಲೆ ಎತ್ತಿ ನೋಡಿ ಮತ್ತೆ ಅಡಿಕೆಗೆ ಬಾಗಿದರು. ಬೇಟೆ ಬಿಟ್ಟು ಅಳತೆಯ ವಿಷಯಕ್ಕೆ ಬಂದೆ.

ನಾನು: ಕೋವಿ ಹೊಡೆಯೋನಿಗೆ ಹೊಂದುತ್ತೋ ಇಲ್ಲವೋ ಅಂತ ಹೇಗೆ ನೋಡೋದು?

ಕೋವಿ: ಮೂಲೆಯಲ್ಲಿರೋ ಕೊಡೆ ತಗೋ. ಹಿಡಿ ಬಾಗಿಲ್ಲದ್ದು. ಬಲಗೈ ಮಡಿಚು, ಮೊಣಕೈ ಸಂದಿಗೆ ಕೊಡೆಯ ಬುಡ ಒತ್ತು. ಇನ್ನು ಮುಂಗೈಯನ್ನ ಕೊಡೆಯುದ್ದಕ್ಕೆ ಚಾಚಿ ಹಿಡಿ. ತೋರುಬೆರಳಿನ ಮೊದಲ ಗೆಣ್ಣು ಎಲ್ಲಿ ಬಂತೋ ಅಲ್ಲಿ ಟ್ರಿಗರ್ ಇರಬೇಕು. ಬೆರಳು ಎಟುಕದೇ ಹೋದರೆ ಉದ್ದವಾಯಿತು, ದಾಟಿ ಹೋದರೆ ಗಿಡ್ಡವಾಯಿತು. ದರ್ಜಿ ಅಳತೆಯಷ್ಟು ಕರಾರುವಾಕ್ಕಲ್ಲ, ಆದರೂ ಬಸ್ ಸ್ಟ್ಯಾಂಡಲ್ಲಿ ಚಪ್ಪಲಿ ಕೊಳ್ಳೋದಕ್ಕಿಂತ ವಾಸಿ.

ಕೊಡೆ ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. ಅಡುಗೆ ಮನೆಯಿಂದ ಇಣುಕಿದ ಚಿಕ್ಕಮ್ಮ "ಮಳೆ ಬಂತೇನೋ?" ಎಂದು ಕೇಳಿ ಒಳಗೆ ಹೋದರು.

ಕೋವಿ: ಈಗ ಕಣ್ಣು. ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಮಾಡು. ಕೈ ನೀಡಿ, ಎರಡೂ ಕಣ್ಣು ತೆರೆದು, ಆ ಬಳೆಯೊಳಗೆ ದೂರದ ಅಡಿಕೆ ಮರದ ಗೊನೆ ಹಿಡಿ. ಎಡಗಣ್ಣು ಮುಚ್ಚು.

ನಾನು: ಗೊನೆ ಹೋಯಿತು.

ಕೋವಿ: ಬಲಗೈ ಬಂಟ, ಎಡಗಣ್ಣಿನ ದಾಸ. ನೀನು ಸಣ್ಣವನಿದ್ದಾಗ ಗೋಲಿ ಆಟದಲ್ಲಿ ಸೋತು ಸೋತು ಅಳ್ತಿದ್ದೆಯಲ್ಲ, ಕಾರಣ ಇದು. ನಿನ್ನಂಥವರು ಕೋವಿಯನ್ನ ಎಡಭುಜಕ್ಕೆ ಕೊಟ್ಟು ಕಲೀಬೇಕು, ಇಲ್ಲ ಎಡಗಣ್ಣು ಮುಚ್ಚಿ ಹೊಡೀಬೇಕು. ಎರಡನ್ನೂ ಮಾಡದೇ ಕೋವಿಯನ್ನ ಬೈತಾರೆ.

ನಲವತ್ತು ವರ್ಷದ ಮೇಲೆ ಗೋಲಿಯ ಸೋಲಿಗೆ ಕಾರಣ ಸಿಕ್ಕಿತು. ಸಂದರ್ಶನದ ಬಸ್ ಚಾರ್ಜು ಅಲ್ಲಿಗೇ ವಸೂಲಾಯಿತು ಎನ್ನಬೇಕು.

ನಾನು: ಕೆನ್ನೆಯ ಎತ್ತರಕ್ಕೆ ಹುಡುಗ ಅಷ್ಟು ತಲೆ ಕೆಡಿಸಿಕೊಂಡಿದ್ದು ಯಾಕೆ?

ಕೋವಿ: ಅದು ಸರಿಯಾದ ಕೆಲಸ. ಅವನ ರೈಫಲ್ಲಿನ ನಳಿಗೆಯೊಳಗೆ ತಿರುಚು ಗೆರೆಗಳಿರ್ತವೆ, ಗುಂಡು ಬುಗುರಿಯ ಹಾಗೆ ತಿರುಗ್ತಾ ನೇರ ಹೋಗುತ್ತೆ. ನನ್ನೊಳಗೆ ನುಣುಪು. ಚರೆ ಹೋಗ್ತಾ ಹೋಗ್ತಾ ಮದುವೆ ಮನೆಯ ಅಕ್ಷತೆ ಹಾಗೆ ಹರಡುತ್ತೆ. ಗುರಿ ಹಿಡಿಯೋಕೆ ತುದಿಯಲ್ಲಿ ಒಂದು ಮಣಿ ಮಾತ್ರ. ಹಿಂದಿನ ಗುರುತು ಎಲ್ಲಿದೆ ಅಂದರೆ, ಹೊಡೆಯೋನ ಕಣ್ಣೇ. ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ಕೂತರೆ ಕಣ್ಣೂ ಅದೇ ಜಾಗದಲ್ಲಿ. ಕಣ್ಣು ಒಂದೆಳೆ ಮೇಲಾದರೆ ಚರೆ ಹಂದಿಯ ಬೆನ್ನ ಮೇಲಿಂದ ಹಾರಿ ಹೋಗುತ್ತೆ. ಸುಖ ಬೇರೆ, ಗುರಿ ಬೇರೆ ಅಂದುಕೊಂಡಿದ್ದೀರಿ ನೀವು. ಭುಜ ನೋಯುತ್ತೆ ಅಂತ ಹೆದರಿದೋನು ಟ್ರಿಗರ್ ಎಳೆಯೋ ಹೊತ್ತಿಗೆ ಕಣ್ಣು ಮುಚ್ಚಿರ್ತಾನೆ.

ನಾನು: ಹನ್ನೆರಡು ಬೋರು ಅಂತಾರಲ್ಲ, ಹನ್ನೆರಡು ಏನು?

ಕೋವಿ: ಒಂದು ಪೌಂಡು, ಅಂದರೆ 454 ಗ್ರಾಂ ಸೀಸ ತಗೊಂಡು ಸಮನಾಗಿ ಹನ್ನೆರಡು ಉಂಡೆ ಕಟ್ಟು. ಒಂದು ಉಂಡೆಯ ಅಗಲ ಎಷ್ಟೋ ನನ್ನ ಬಾಯಿ ಅಷ್ಟು. ಸುಮಾರು ಹದಿನೆಂಟೂವರೆ ಮಿಲಿಮೀಟರು. ಅದಕ್ಕೇ ಹದಿನಾರು, ಇಪ್ಪತ್ತು ಅಂತ ನಂಬರು ಏರಿದ ಹಾಗೆಲ್ಲ ಬಾಯಿ ಸಣ್ಣ. ಅಂಗಡಿಗೆ ಹೋಗಿ ದೊಡ್ಡ ನಂಬರ್ ಕೊಡಿ ಅಂದು ನಗೆಪಾಟಲಾದವರನ್ನ ಕಂಡಿದ್ದೀನಿ.

ನಾನು: ಇಷ್ಟು ವರ್ಷದಲ್ಲಿ ನಿಮ್ಮನ್ನ ಯಾರ ಅಳತೆಗೆ ಅಡ್ಜಸ್ಟ್ ಮಾಡಿಸಿದರು?

ಕೋವಿ: ನನ್ನನ್ನ? (ಚಾಪೆಯ ಮೇಲೇ ಸಣ್ಣಗೆ ನಡುಗಿ ನಕ್ಕಿತು.) ನನ್ನನ್ನ ಯಾರೂ ಅಡ್ಜಸ್ಟ್ ಮಾಡಿಸಲಿಲ್ಲ ತಮ್ಮಾ, ಮೂರು ತಲೆಮಾರು ನನಗೆ ಅಡ್ಜಸ್ಟ್ ಆಯಿತು. ಕಂಪನಿಯವರು ಆರಡಿ ಆಳನ್ನ ನೆನೆಸಿಕೊಂಡು ಹದಿನಾಲ್ಕು ಇಂಚಿಗೆ ಮರ ಕೊಯ್ದಿದ್ದರು. ನಿಮ್ಮಜ್ಜಯ್ಯನಿಗೆ ಹೊಂದಿತು. ನಿಮ್ಮ ಚಿಕ್ಕಪ್ಪ ಐದೂಕಾಲು ಅಡಿ. ಬಸ್ಸಿನ ಮೇಲಿನ ಕಂಬಿ ಹಿಡಿಯೋ ಹುಡುಗನ ಹಾಗೆ ಕತ್ತು ಚಾಚಿ ಕೆನ್ನೆ ಕೊಡಬೇಕು. ಈಡು ಹೊಡೆದ ರಾತ್ರಿ ಭುಜ ನೇರಳೆ ಬಣ್ಣ, ಕೊಬ್ಬರಿ ಎಣ್ಣೆ, ಬಿಸಿನೀರಿನ ಶಾಖ. ಬಡಗಿ ಕೈಲಿ ಹಿಂದಿನ ಮರ ಒಂದಿಂಚು ಕೊಯ್ಸಿದ್ದರೆ ಮುಗೀತಿತ್ತು. ಅಜ್ಜಯ್ಯನ ನೆನಪು ಕೊಯ್ಯಬಾರದು ಅಂದರು. ಮಗನೋ ಎಡಗೈಯವನು. ನಿಜ ಹೇಳಲಾ? ಈ ಮನೆಯಲ್ಲಿ ನನ್ನ ಅಳತೆಗೆ ಸರಿಯಾಗಿರೋದು ನಿಮ್ಮ ಚಿಕ್ಕಮ್ಮ. ಉದ್ದ ತೋಳು, ಬಲಗಣ್ಣು ಚುರುಕು, ಗದ್ದಲಕ್ಕೆ ಕಣ್ಣು ಮಿಟುಕಿಸಲ್ಲ. ಆದರೆ ಅವಳ ಹೆಸರು ಲೈಸೆನ್ಸಿನಲ್ಲೂ ಇಲ್ಲ, ಪಹಣಿಯಲ್ಲೂ ಇಲ್ಲ.

ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಚಿಕ್ಕಪ್ಪನ ಕತ್ತಿ ಮಾತ್ರ ಅಡಿಕೆಯಲ್ಲಿ ಸಿಕ್ಕಿಕೊಂಡೇ ಇತ್ತು. ನಾನು ಮಾತು ತಿರುಗಿಸಿದೆ.

ನಾನು: ಭದ್ರಾವತಿಯೆಂದರೆ ಕಬ್ಬಿಣದ ಊರು. ನಿಮ್ಮ ನಳಿಗೆ ಇಲ್ಲಿಯದೇನು?

ಕೋವಿ: ಕೇಳಿದವರೆಲ್ಲ ಹೌದು ಅಂದುಕೊಳ್ತಾರೆ, ನಾನೂ ಬೇಡ ಅನ್ನಲ್ಲ, ಮರ್ಯಾದೆ ಸಿಗುತ್ತೆ. ಆದರೆ ಅಲ್ಲ. ವಿಶ್ವೇಶ್ವರಯ್ಯನವರ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ್ದು ಸುತ್ತಲಿನ ಕಾಡಿನ ಇದ್ದಿಲಿಂದ. 1936ರಲ್ಲಿ ಕಾಗದದ ಕಾರ್ಖಾನೆ ಬಂತು, ಅದು ಬಿದಿರು ಅರೆಯಿತು. ಒಬ್ಬರು ಕಾಡು ಸುಟ್ಟು ಕಬ್ಬಿಣ ಮಾಡಿದರು, ಒಬ್ಬರು ಕಾಡು ಬೇಯಿಸಿ ಕಾಗದ ಮಾಡಿದರು. ಆಮೇಲೆ ಹಂದಿ ತೋಟಕ್ಕೆ ನುಗ್ತು ಅಂತ ನನ್ನನ್ನ ಕರ್ಕೊಂಡು ಬಂದರು. ಈಗ ಕಬ್ಬಿಣದ ಕಾರ್ಖಾನೆ ಏದುಸಿರು ಬಿಡ್ತಾ ಇದೆ, ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ನನ್ನ ಮೈ ಕಬ್ಬಿಣ, ಜೀವ ಕಾಗದ. ಲೈಸೆನ್ಸ್ ಪುಸ್ತಕ ಇದ್ದರೆ ನಾನು ಕೋವಿ, ಇಲ್ಲದಿದ್ದರೆ ಕೇಸು. ಊರಿನ ಕಾಗದದ ಕಾರ್ಖಾನೆ ನಿಂತರೂ ನನ್ನ ಕಾಗದ ಮಾತ್ರ ನಿಂತಿಲ್ಲ.

ನಾನು: ಚುನಾವಣೆ ಬಂದಾಗ ಬೇಜಾರಾಗುತ್ತಾ?

ಕೋವಿ: 2023ರ ಮಾರ್ಚ್ 29ಕ್ಕೆ ನೀತಿಸಂಹಿತೆ ಬಂತು, ಹೋದೆ. ಮೇ 10ಕ್ಕೆ ವೋಟು. ಬಂದು ಮೈಮುರಿಯೋ ಹೊತ್ತಿಗೆ 2024ರ ಮಾರ್ಚ್ 16. ಮತ್ತೆ ಗೋಣಿಚೀಲ ಸುತ್ತಿಕೊಂಡು ಹೊರಟೆ. ನಮ್ಮ ಶಿವಮೊಗ್ಗಕ್ಕೆ ಮೇ 7ಕ್ಕೆ ವೋಟು ಮುಗಿದರೂ ಎಣಿಕೆ ಜೂನ್ 4ಕ್ಕೆ. ನಾಲೆ ನೀರಲ್ಲಿ ಬೇಸಿಗೆ ಭತ್ತ ತೆನೆ ಕಟ್ಟಿ ಕೊಯ್ಲಾಗೋ ಕಾಲ ಅಷ್ಟೂ ನಾನು ಠಾಣೆಯ ಗೋಡೆಗೆ ಒರಗಿದ್ದೆ. ಹಂದಿಗೆ ನೀತಿಸಂಹಿತೆ ಅನ್ವಯಿಸಲ್ಲ. ವೋಟೂ ಇಲ್ಲ, ಅದಕ್ಕೇ ಯಾರೂ ಹೋಗಿ ಹೇಳಿಲ್ಲ.

ನಾನು: ವಿನಾಯಿತಿಗೆ ಅರ್ಜಿ ಕೊಡಬಹುದಲ್ಲ, ಅದಕ್ಕೊಂದು ಸಮಿತಿ ಇದೆಯಲ್ಲ?

ಕೋವಿ: ಕೊಟ್ಟರು. ಮಂಜೂರಾಗಿ ಬರೋ ಹೊತ್ತಿಗೆ ಭತ್ತ ಗಿರಣಿಯಲ್ಲಿತ್ತು. ಆದರೆ ಅಲ್ಲಿ ಒಳ್ಳೆ ಸಹವಾಸ. ಗೋಡೆಯುದ್ದಕ್ಕೂ ಜೋಡಿ ನಳಿಗೆ, ಕೇಪಿನವರು, ಯಾರೋ ಸಾಹುಕಾರರ ಪಾಯಿಂಟ್ 315 ರೈಫಲ್ಲು. ಎಲ್ಲರ ಕುತ್ತಿಗೆಯಲ್ಲೂ ದಾರ ಕಟ್ಟಿದ ಚೀಟಿ. ಸಂಜೆಯಾದರೆ ಒಬ್ಬೊಬ್ಬರದೂ ಬೇಟೆ ಕತೆ. ಸತ್ತ ಹಂದಿಗಳನ್ನೆಲ್ಲ ಒಟ್ಟು ಹಾಕಿದರೆ ಮಲೆನಾಡಲ್ಲಿ ಹಂದಿಯೇ ಇರಬಾರದಿತ್ತು.

ನಾನು: ಹುಡುಗನಿಗೆ ಏನು ಹೇಳಲಿ?

ಕೋವಿ: ಬಿಲ್ಲೆ ಹಾಕಿದ್ದು, ರಬ್ಬರ್ ಹಚ್ಚಿದ್ದು ಸರಿ ಅನ್ನು. ಬಿಲ್ಲೆ ಬದಲಿಸಿದ ಮೇಲೆ ಒಮ್ಮೆ ಹಲಗೆಗೆ ಹೊಡೆದು ಗುಂಡು ಎಲ್ಲಿ ಬೀಳುತ್ತೆ ಅಂತ ನೋಡಿಕೊಳ್ಳಲಿ. ಹಂದಿಯ ಹಿಂದೆ ಏನಿದೆ ಅಂತ ನೋಡದೇ ಬೆರಳು ಟ್ರಿಗರ್ ಮೇಲೆ ಇಡಬಾರದು. ಇನ್ನೊಂದು, ಊರಿಗೆ ಬಂದಾಗ ಆ ವಿಡಿಯೊ ಚಿಕ್ಕಪ್ಪನಿಗೆ ತೋರಿಸಬೇಡ ಅನ್ನು. ಈ ವಯಸ್ಸಿಗೆ ನನಗೆ ಸವತಿ ಬೇಡ.

ಚಿಕ್ಕಪ್ಪ ಕತ್ತಿ ಕೆಳಗಿಟ್ಟು ಎದ್ದರು. ಗಜದ ತುದಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಎರಡು ಸಲ ಆಡಿಸಿ ಹೊರತೆಗೆದರೆ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ಠಾಣೆಯ ತುಕ್ಕು, ಒಂದು ವರ್ಷದಿಂದ ಒರೆಸ್ತಾ ಇದ್ದೀನಿ" ಎಂದರು. ನಿಮ್ಮ ಮನೆಯಲ್ಲೂ ಕೋವಿ ಇದ್ದರೆ, ಮುಂದಿನ ಚುನಾವಣೆಗೆ ಒಪ್ಪಿಸುವ ಮೊದಲು ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ರಸೀದಿ ಈಸಿಕೊಂಡು ಬನ್ನಿ.