ಹೋರಿಗೆ ಮನಸ್ಸಿಲ್ಲ: ಹಿಂದೆ ಸರಿದ ಆಟಗಾರರ ಕುರಿತ ಜನಾಭಿಪ್ರಾಯ ಮೀಮಾಂಸೆ

1. ಪ್ರಸ್ತಾವನೆ

2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಒಂದೇ ಒಂದು ವಾಲ್ಟ್ ಮುಗಿಸಿ ತಂಡದ ಫೈನಲ್‌ನಿಂದ ಹೊರಬಂದರು. ಗಾಳಿಯಲ್ಲಿ ಸುತ್ತುವಾಗ ನೆಲ ಎಲ್ಲಿದೆಯೆಂಬ ಅಂದಾಜೇ ತಪ್ಪುತ್ತಿದೆ, ಮೈ ಮತ್ತು ಮನಸ್ಸು ಒಂದರ ಮಾತು ಇನ್ನೊಂದು ಕೇಳುತ್ತಿಲ್ಲ ಎಂಬುದು ಕಾರಣ. ಅಂದಿನವರೆಗೆ ಹಾವೇರಿ ಜಿಲ್ಲೆಯಲ್ಲಿ ವಾಲ್ಟ್ ಎಂದರೇನೆಂದು ತಲೆ ಕೆಡಿಸಿಕೊಂಡವರು ಕಡಿಮೆ. ಮರುದಿನ ಚಹಾದ ಹೊತ್ತಿಗೆ ಎಲ್ಲರೂ ತಜ್ಞರಾಗಿದ್ದರು. ಈ ದಿಢೀರ್ ಜ್ಞಾನೋದಯದ ಸ್ವರೂಪವನ್ನು ಶಾಸ್ತ್ರೀಯವಾಗಿ ವಿಚಾರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನ ಕ್ಷೇತ್ರ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಮಾದರಿಯ ಗಾತ್ರ: ಬೆಂಚು ಹಿಡಿದಷ್ಟು ಮಂದಿ. ಸಂದರ್ಶನದ ಅವಧಿ: ಮಿರ್ಚಿ ಎಣ್ಣೆಗೆ ಬಿದ್ದು ತಟ್ಟೆಗೆ ಬರುವವರೆಗೆ.

2. ಮತತ್ರಯ ನಿರೂಪಣೆ

ಈ ವಿಷಯದಲ್ಲಿ ಜಿಲ್ಲೆಯಲ್ಲಿ ಮೂರು ಮತಗಳು ಪ್ರಚಲಿತವಾಗಿವೆ.

ಮೊದಲನೆಯದು ಹಾವೇರಿಯ ಪ್ರತ್ಯಕ್ಷವಾದ. ಇದರ ಪೀಠ ಬಸ್ ನಿಲ್ದಾಣದ ಎದುರಿನ ಚಹಾದಂಗಡಿ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಒಪ್ಪಿದರು. ಈ ಪೀಠ ಒಪ್ಪುವುದು ಒಂದನ್ನೇ, ಅದು ಬ್ಯಾಂಡೇಜು. “ಕಾಲ ಮುರದೈತೇನು? ಇಲ್ಲ. ಕೈ ಉಳುಕೈತೇನು? ಇಲ್ಲ. ಮತ್ತ ಆಗೇತೇನು ಅಂತ?” ತೊಡೆಯ ಸ್ನಾಯು ಸೆಳೆದ ಬೌಲರ್‌ಗೆ ಈ ಪೀಠ ಕೂಡಲೇ ಕನಿಕರ ತೋರುತ್ತದೆ, ಆ ಸ್ನಾಯುವನ್ನೂ ಇವರಾರೂ ಕಂಡವರಲ್ಲ. ಆದರೆ ಅಲ್ಲಿ ಪಟ್ಟಿ ಕಟ್ಟಿರುತ್ತದೆ. ಆದ್ದರಿಂದ ಮನಸ್ಸು ಸರಿಯಿಲ್ಲದ ಆಟಗಾರರು ಹಣೆಗೊಂದು ಬಿಳಿ ಪಟ್ಟಿ ಸುತ್ತಿಕೊಂಡೇ ಪತ್ರಕರ್ತರ ಮುಂದೆ ಬರುವುದು ಕ್ಷೇಮ.

ಎರಡನೆಯದು ರಾಣೆಬೆನ್ನೂರಿನ ಬೀಜವಾದ. ಹೈಬ್ರಿಡ್ ಬೀಜಕ್ಕೆ ಹೆಸರಾದ ಈ ಊರಿನಲ್ಲಿ ಎಲ್ಲ ದೋಷವೂ ತಳಿಯಿಂದಲೇ ಬರುವುದು. “ಈಗಿನ ತಳೀನ ಹಂಗ್ರಿ. ನೋಡಾಕ ಚಂದ, ತಡಕೊಳ್ಳೂ ಶಕ್ತಿ ಇಲ್ಲ. ನಮ್ಮ ಕಾಲದಾಗ ಟೆನ್ಶನ್ ಅನ್ನೂದ ಇರ್ಲಿಲ್ಲ.” ಹೀಗೆಂದ ಹಿರಿಯರು ಮಾತು ಮುಗಿಸಿ ಕಿಸೆಯಿಂದ ಬಿಪಿ ಗುಳಿಗೆ ತೆಗೆದು ಚಹಾದ ಜೊತೆಗೇ ನುಂಗಿದರು. ಇದು ಅಡಿಟಿಪ್ಪಣಿಗೆ ಯೋಗ್ಯವಾದ ಸಂಗತಿ, ಅಡಿಟಿಪ್ಪಣಿಗೆ ಸಂಪಾದಕರು ಜಾಗ ಕೊಟ್ಟಿಲ್ಲ.

ಮೂರನೆಯದು ಬ್ಯಾಡಗಿಯ ದರವಾದ. ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತಲೇ ಬೆಳೆದ ಮತವಿದು. “ಕೋಟಿಗಟ್ಲೆ ತಗೊಂಡು ಮನಸ್ಸ ಸರಿ ಇಲ್ಲ ಅಂದ್ರ ಹೆಂಗ್ರಿ? ಮಾಲು ಕೊಡಬೇಕ, ರೊಕ್ಕ ತಗೋಬೇಕ.” ರೊಕ್ಕಕ್ಕೂ ಮನಸ್ಸಿಗೂ ಸಂಬಂಧವಿಲ್ಲ ಎಂಬ ಈ ಸಿದ್ಧಾಂತಕ್ಕೆ ಬಾಧಕವಾದ ಘಟನೆ ಅದೇ ಪೇಟೆಯಲ್ಲಿ ನಡೆದಿದೆ. 2024ರ ಮಾರ್ಚ್ 11ರ ಸೋಮವಾರ ದರ ಬಿದ್ದಾಗ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ವರ್ಷವಿಡೀ ಮೈ ಸವೆಸಿದ್ದಕ್ಕೆ ಒಂದೇ ಮುಂಜಾನೆ ಬೆಲೆ ಕಟ್ಟಿಬಿಟ್ಟರೆ ಮನುಷ್ಯನ ತಲೆ ಏನಾಗುತ್ತದೆಂದು ಬ್ಯಾಡಗಿಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೂ ಆಟಗಾರನ ಸರದಿ ಬಂದಾಗ ಆ ಪಾಠ ನೆನಪಾಗುವುದಿಲ್ಲ.

ಮೂರೂ ಮತಗಳ ಭಾಷೆಯ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ; ಈ ಅಭಿಪ್ರಾಯಗಳು ಬಣ್ಣದಲ್ಲಿ ಬ್ಯಾಡಗಿ, ಖಾರದಲ್ಲಿ ಗುಂಟೂರು.

3. ಕಾಲನಿಯಮ

ಜನಾಭಿಪ್ರಾಯ ಕಾಲವನ್ನು ಅನುಸರಿಸುತ್ತದೆ ಎಂಬುದು ಈ ಸಂಶೋಧನೆಯ ಮುಖ್ಯ ಫಲ. ಭೂತಕಾಲದ ಖಿನ್ನತೆಗೆ ಚಪ್ಪಾಳೆ, ವರ್ತಮಾನಕಾಲದ ಖಿನ್ನತೆಗೆ ಬೈಗುಳ.

ಉದಾಹರಣೆಗೆ, ಕರ್ನಾಟಕದವರೇ ಆದ ರಾಬಿನ್ ಉತ್ತಪ್ಪ. 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರ ನಡುವೆ ಖಿನ್ನತೆಗೆ ಸಿಕ್ಕು ಬದುಕೇ ಬೇಡವೆನಿಸಿತ್ತೆಂದು 2020ರಲ್ಲಿ ಬಹಿರಂಗವಾಗಿ ಹೇಳಿದರು. ಜನ ಭಲೇ ಎಂದರು. ಅದೇ ಮಾತನ್ನು ಸೊನ್ನೆಗೆ ಔಟಾಗಿ ಪೆವಿಲಿಯನ್‌ಗೆ ನಡೆಯುವ ಸಂಜೆ ಹೇಳಿದ್ದರೆ? ಪ್ರತ್ಯಕ್ಷವಾದಿಗಳು ಇದಕ್ಕೆ ಉತ್ತರಿಸದೆ ಇನ್ನೊಂದು ಕಟ್ ಚಹಾ ಹೇಳಿದರು.

ಆರ್‌ಸಿಬಿಯ ಮೂಲಕ ನಮ್ಮವರೇ ಆಗಿಹೋದ ವಿರಾಟ್ ಕೊಹ್ಲಿ 2022ರ ಆಗಸ್ಟ್ ಕೊನೆಗೆ, ತಿಂಗಳ ಕಾಲ ಬ್ಯಾಟು ಮುಟ್ಟಿಲ್ಲ, ಮನಸ್ಸು ದಣಿದಿತ್ತು ಎಂದರು. ಬೆಂಚಿನ ತೀರ್ಪು: “ರನ್ ಬರವಲ್ವು, ಅದಕ್ಕ ನಾಟಕ.” ಸೆಪ್ಟೆಂಬರ್ 8ರಂದು ಅಫ್ಗಾನಿಸ್ತಾನದ ವಿರುದ್ಧ ಔಟಾಗದೆ 122 ಬಾರಿಸಿದರು. ಅದೇ ಬೆಂಚು: “ಮನಸ್ಸಿಗಿ ವಿಶ್ರಾಂತಿ ಬೇಕಾಗ್ತತಿ ಅಂತ ನಾ ಅವತ್ತ ಅಂದಿದ್ದೆ.” ಬೈಲ್ಸ್ ಪ್ರಕರಣದಲ್ಲಿ ಈ ಪರಿವರ್ತನೆಗೆ ಮೂರು ವರ್ಷ ಹಿಡಿಯಿತು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಬಂದಮೇಲೆ ಮೂರೂ ಪೀಠಗಳು ತಮ್ಮ ಹಳೆಯ ಗ್ರಂಥಗಳನ್ನು ಸದ್ದಿಲ್ಲದೆ ಹಿಂಪಡೆದವು.

ಅತಿ ದೀರ್ಘ ಕಾಯುವಿಕೆಯ ದಾಖಲೆ ಈ ಜಿಲ್ಲೆಯದೇ. ಬಾಡದ ನಾಯಕನೊಬ್ಬ ಯುದ್ಧದಲ್ಲಿ ಗಾಯಗೊಂಡು ಬದುಕುಳಿದು, ಕತ್ತಿ ಕೆಳಗಿಟ್ಟು, ಕಾಗಿನೆಲೆಯ ಆದಿಕೇಶವನ ದಾಸನಾದ ಎಂದು ಪರಂಪರೆ ಹೇಳುತ್ತದೆ. ಆ ದಿನ ಕಟ್ಟೆಯ ಮೇಲೆ “ಅಂಜಿದಾನ, ಅದಕ್ಕ ತಂಬೂರಿ ಹಿಡದಾನ” ಎಂದವರು ಇದ್ದೇ ಇರಬೇಕು. ಅವರ ಹೆಸರು ಯಾವ ಶಾಸನದಲ್ಲೂ ಉಳಿದಿಲ್ಲ. ಆ ದಾಸನ ಹೆಸರಿನಲ್ಲಿ ಕನಕ ಜಯಂತಿ ನಡೆಯುತ್ತದೆ, ಸರ್ಕಾರಿ ರಜೆಯೂ ಇದೆ.

4. ಹೋರಿ ಪ್ರಕರಣ

ಇಷ್ಟರಿಂದ ಜಿಲ್ಲೆಯವರಿಗೆ ಅಂತಃಕರಣವಿಲ್ಲವೆಂದು ತೀರ್ಮಾನಿಸಿದರೆ ಅದು ಅವಸರದ ಸಂಶೋಧನೆ. ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬಕ್ಕೆ ಬರಬೇಕು. ಇಲ್ಲಿನ ನಿಜವಾದ ಸ್ಟಾರ್ ಕೊಬ್ಬರಿ ಹೋರಿ. ಸಿನಿಮಾ ನಾಯಕರ ಗತ್ತಿನ ಹೆಸರು, ಫ್ಲೆಕ್ಸು, ಅಭಿಮಾನಿ ಬಳಗ, ಹುಟ್ಟುಹಬ್ಬಕ್ಕೆ ಕೇಕು. ಕೊರಳಲ್ಲಿ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಮೇಲೆ ಝೂಲ. ಕೊಬ್ಬರಿ ಹರಿಯಗೊಡದೆ ಜನದ ನಡುವೆ ಓಡಿ ದಾಟಿದರೆ ಗೆಲುವು.

ಅಂಥ ಹೋರಿಯ ಮಾಲೀಕ ಬೆಳಿಗ್ಗೆ ಅದರ ಕಣ್ಣು ನೋಡುತ್ತಾನೆ, ಕಿವಿ ಜೋತಿವೆಯೇ ನೋಡುತ್ತಾನೆ, ಹಿಂಡಿ ತಿಂದಿದೆಯೇ ಎಂದು ಬುಟ್ಟಿ ಬಗ್ಗಿಸಿ ನೋಡುತ್ತಾನೆ. ಹಿಂಡಿ ಹಾಗೇ ಉಳಿದಿದ್ದರೆ, “ಇವತ್ತ ಅದಕ್ಕ ಮನಸ್ಸಿಲ್ಲ, ಬಿಡೂದ ಬ್ಯಾಡ” ಎನ್ನುತ್ತಾನೆ. ಟ್ರ್ಯಾಕ್ಸ್ ಮಾಡಿಕೊಂಡು ಬಂದ ಅಭಿಮಾನಿಗಳು ಬ್ಯಾಂಡೇಜು ಕೇಳುವುದಿಲ್ಲ, ತಳಿ ಜಾಲಾಡುವುದಿಲ್ಲ, ಹಿಂಡಿಯ ಖರ್ಚಿನ ಲೆಕ್ಕ ತೆಗೆಯುವುದಿಲ್ಲ. ಬೆನ್ನು ಸವರಿ, “ಮುಂದಿನ ಹಬ್ಬಕ್ಕ ಬರ್ಲಿ ತಗೋ” ಎಂದು ತಿರುಗುತ್ತಾರೆ. ಮೇಲಿನ ಮೂರೂ ಮತಗಳವರು ಆ ಗುಂಪಿನಲ್ಲೇ ಇರುತ್ತಾರೆ.

ಹೋರಿಯ ಪರವಾಗಿ ಕಾನೂನೂ ಇದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ತೀರ್ಪಿನಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಮಾನ್ಯ ಮಾಡಿತು. ಭಯ ಮತ್ತು ಸಂಕಟದಿಂದ ಮುಕ್ತಿ ಅವುಗಳಲ್ಲೊಂದು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿದು ಇಂಥ ಆಟಗಳಿಗೆ ದಾರಿ ಬಿಟ್ಟಿತು. ಹೋರಿಯ ಭಯದ ಬಗ್ಗೆ ದೇಶದ ಅತ್ಯುನ್ನತ ನ್ಯಾಯಾಲಯ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದೆ. ಆಟಗಾರನ ಭಯದ ವಿಚಾರಣೆ ಮಾತ್ರ ಚಹಾದಂಗಡಿಯಲ್ಲೇ ಮುಗಿಯುತ್ತದೆ, ಮೇಲ್ಮನವಿಗೆ ಅವಕಾಶವಿಲ್ಲ.

5. ಧಾರವಾಡ ಪರಿಶಿಷ್ಟ

ಜಿಲ್ಲೆಯವರು ಪೇಢೆಗೆ, ವಿಶ್ವವಿದ್ಯಾಲಯಕ್ಕೆ, ಹೈಕೋರ್ಟ್ ಪೀಠಕ್ಕೆ ಧಾರವಾಡಕ್ಕೆ ಹೋಗಿ ಬಂದರೆ ಊರೆಲ್ಲ ಹೇಳಿಕೊಳ್ಳುತ್ತಾರೆ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದವರು ಮಾತ್ರ “ಕೋರ್ಟ್ ಕೆಲಸ ಇತ್ರಿ” ಎನ್ನುತ್ತಾರೆ. 2022ರ ಅಕ್ಟೋಬರ್ 10ರಿಂದ 14416 ಎಂಬ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ಸಂಖ್ಯೆ ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದನ್ನು ಮೊಬೈಲಿನಲ್ಲಿ ಉಳಿಸಿಕೊಂಡವರು ‘ಗೊಬ್ಬರದ ಅಂಗಡಿ’ ಎಂಬ ಹೆಸರಿನಲ್ಲಿ ಉಳಿಸಿಕೊಂಡರೆ ಆಶ್ಚರ್ಯವಿಲ್ಲ. ತನ್ನ ಮನೆಯ ನೋವನ್ನೇ ಕೋರ್ಟಿನ ಹೆಸರಿನಲ್ಲಿ ಮುಚ್ಚಿಡುವವನು, ಟಿವಿಯಲ್ಲಿ ಅದನ್ನು ಹೆಸರಿಟ್ಟು ಕರೆಯುವ ಆಟಗಾರನ ಮೇಲೆ ರೇಗುವುದು ಸಹಜವೇ. ಆತ ಬಚ್ಚಿಟ್ಟಿದ್ದನ್ನು ಈತ ಬಿಚ್ಚಿದ್ದಾನೆ.

6. ಶಿಫಾರಸು

ಈ ಕಾರಣಗಳಿಂದ ಸಮಸ್ತ ಕ್ರೀಡಾಪಟುಗಳನ್ನು ಹೋರಿಗಳೆಂದು ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಹಿಂಡಿ ಬುಟ್ಟಿ ನೋಡುವ ಮಾಲೀಕನಂತೆ ಪ್ರತಿ ತಂಡಕ್ಕೂ ಒಬ್ಬರನ್ನು ನೇಮಿಸಬೇಕು. ಹೀಗೆ ಮಾಡಿದರೆ ಆಟಗಾರರಿಗೆ ಅವಮಾನವಲ್ಲವೇ ಎಂದು ಬ್ಯಾಡಗಿ ಪೀಠ ಆಕ್ಷೇಪಿಸಿದೆ. ಈಗಿರುವ ಸ್ಥಾನಕ್ಕಿಂತ ಇದು ಬಡ್ತಿ ಎಂಬುದು ಸಿದ್ಧಾಂತಿಯ ಉತ್ತರ.

ಇತಿ ಪ್ರಥಮ ಅಧ್ಯಾಯ. ಲೇಖಕರಿಗೆ ಸದ್ಯ ಮನಸ್ಸು ಸರಿಯಿಲ್ಲದ ಕಾರಣ ದ್ವಿತೀಯ ಅಧ್ಯಾಯವನ್ನು ಮುಂದೂಡಲಾಗಿದೆ. ಯಾರಾದರೂ ಕೇಳಿದರೆ ಬೆನ್ನುನೋವು ಎಂದು ಹೇಳತಕ್ಕದ್ದು.