ಮೂವತ್ತೊಂದು ಇಂಚಿನ ಸಾವಕಾರರು

ಬೆಳಗಾವಿಯ ಟಿಳಕವಾಡಿಯಲ್ಲಿ ಓಣಿಗೊಬ್ಬರಂತೆ ಇವರು ಸಿಗುತ್ತಾರೆ. ಊರ ಮಾತಿನಲ್ಲಿ ‘ಫೋರ್ ಬೈ ಫೋರ್ ಸಾವಕಾರ್ರು’. ಗಾಡಿ ಜಿಮ್ನಿ. ಅದರ ಬಾಗಿಲಿಗೆ ಹೋದ ಮಳೆಗಾಲದ ಕೆಸರು ಇನ್ನೂ ಅಂಟಿಕೊಂಡಿದೆ. ತೊಳೆಯಲು ಬಂದ ಹುಡುಗನನ್ನು ಬೈದು ಓಡಿಸಿದ್ದಾರೆ. ಅದು ಚೋರ್ಲಾ ಘಾಟಿನ ಕೆಸರಂತೆ. ಜಾಂಬೋಟಿ ದಾಟಿರಲೇ ಇಲ್ಲ ಎನ್ನುವುದು ಓಣಿಯವರ ವಾದ.

ಮದುವೆಗೆ ಕರೆದರೆ ಮೊದಲು ಮಂಗಲ ಕಾರ್ಯಾಲಯದ ಮುಂದೆ ನಿಂತ ಗಾಡಿಗಳ ಟಾಯರ್ ಓದುತ್ತಾರೆ, ಆಮೇಲೆ ಅಕ್ಷತೆ. “ಹುಡುಗ ಚಲೋ ಅದಾನ, ಆದ್ರ ಟಾಯರ್ ಭಾಳ ಸಣ್ಣವು” ಎಂದು ಬೀಗರ ಬಗ್ಗೆ ತೀರ್ಪು ಕೊಟ್ಟದ್ದೂ ಉಂಟು.

ಕಂಪನಿ ಕೊಟ್ಟ ಟಾಯರ್ 195/80 ಆರ್ 15. ಎತ್ತರ 27 ಇಂಚಿನ ಚಿಲ್ಲರೆ. ಸಾವಕಾರರು ಲಿಫ್ಟ್ ಕಿಟ್ ಕೂಡಿಸಿ 31ಕ್ಕೆ ಏರಿಸಿದರು. ಹೆಚ್ಚಾದ ಎತ್ತರದಲ್ಲಿ ಆಕ್ಸಲ್ ಕೆಳಗೆ ಸಿಗುವುದು ಅರ್ಧ ಮಾತ್ರ, ಅಂದರೆ ಎರಡು ಇಂಚೂ ಇಲ್ಲ. ಇತ್ತ ಗಾಲಿಯ ಒಂದು ಸುತ್ತಿಗೆ ಗಾಡಿ ಶೇ. 13ಕ್ಕಿಂತ ಹೆಚ್ಚು ದೂರ ಹೋಗುತ್ತದೆ, ಆ ಲೆಕ್ಕಕ್ಕೆ ಎಳೆತ ಕುಗ್ಗುತ್ತದೆ. 134 ನ್ಯೂಟನ್ ಮೀಟರ್ ಟಾರ್ಕಿನ ಇಂಜಿನ್ನು 118ರದೆಂಬಂತೆ ಏದುಸಿರು ಬಿಡುತ್ತದೆ: ಅಪ್ಪನ ಮೆಟ್ಟು ಹಾಕಿಕೊಂಡು ಓಡಲು ಹೋದ ಹುಡುಗ. ಮೀಟರಿಗೂ ಇದರ ಸುದ್ದಿ ಮುಟ್ಟಿರುವುದಿಲ್ಲ. ಅದು 60 ತೋರಿಸುವಾಗ ಗಾಡಿ 68ರಲ್ಲಿರುತ್ತದೆ. ದಂಡದ ಮೆಸೇಜು ಬಂದಾಗ ಬೈಸಿಕೊಳ್ಳುವುದು ಹೈವೇ ಕ್ಯಾಮೆರಾ.

ಮಿಸ್ತ್ರಿ ಮೊದಲೇ ಹೇಳಿದ್ದ: “ಸಾವಕಾರ್ರ, ಟಾಯರ್ ದೊಡ್ಡದು ಮಾಡಿದ್ರ ಕ್ರೌನ್ ಪಿನಿಯನ್ನೂ ಬದಲಿ ಮಾಡಬೇಕ್ರಿ. ಮುಂದಿಂದು, ಹಿಂದಿಂದು, ಎರಡೂ. ಒಂದs ಮಾಡಿದ್ರ ಫೋರ್ ಬೈ ಫೋರ್ ಹಾಕಿದಾಗ ಒಂದು ಆಕ್ಸಲ್ ಇನ್ನೊಂದಕ್ಕ ಅಡ್ಡ ಬರ್ತೈತಿ.”

“ಅದು ಹೊರಗ ಕಾಣ್ತೈತೇನು?”

“ಇಲ್ರಿ, ಎಣ್ಣ್ಯಾಗ ಮುಳಗಿರ್ತೈತಿ.”

“ಹಂಗಾರ ಬಿಡು.”

ಈ ಜಾತಿಯ ಮನುಷ್ಯ ಪೂರಾ ಅರ್ಥವಾಗುವುದು ಇಲ್ಲೇ. ರೊಕ್ಕದ ಕೊರತೆಯಿಲ್ಲ, ಗೇರಿನ ಮೇಲೆ ಹಗೆಯೂ ಇಲ್ಲ. ಡಿಫರೆನ್ಶಿಯಲ್ ಒಳಗೆ ಸುರಿದ ರೊಕ್ಕವನ್ನು ಮಂಗಲ ಕಾರ್ಯಾಲಯದ ಮುಂದೆ ನಿಲ್ಲಿಸಿ ತೋರಿಸಲು ಬರುವುದಿಲ್ಲ, ಅಷ್ಟೇ.

ಜುಲೈನಲ್ಲಿ ಖಾನಾಪುರದ ಕಡೆ ಭತ್ತದ ಗದ್ದೆಗಳಿಗೆ ನೀರು ನಿಂತ ಹೊತ್ತು. ಬದುವಿನ ಪಕ್ಕದ ಬಂಡಿ ದಾರಿಯಲ್ಲಿ ಸಾವಕಾರರು ನುಗ್ಗಿದರು. ಟಾಯರಿನಲ್ಲಿ ಹವಾ ಹೈವೇಯಲ್ಲಿದ್ದಷ್ಟೇ ಗಟ್ಟಿ. ಗಾಡಿ ಕೂತಿತು. ನಾಲ್ಕೂ ಗಾಲಿ ಗರಗರ ತಿರುಗಿ ಕೆಸರನ್ನು ಗಾಜಿನವರೆಗೆ ಚಿಮ್ಮಿಸಿದವು. ಹವಾ 18ಕ್ಕೆ ಇಳಿಸಿ, ಫೋರ್ ಲೋ ಹಾಕಿ, ಎಕ್ಸಿಲೇಟರ್ ತುಳಿಯದೆ ನಿಧಾನಕ್ಕೆ ಬಿಟ್ಟಿದ್ದರೆ ಅಗಲವಾಗಿ ನೆಲ ಹಿಡಿದ ಟಾಯರ್ ಬಹುಶಃ ಎದ್ದು ಬರುತ್ತಿತ್ತು. ಆದರೆ ಹವಾ ತೆಗೆದ ಟಾಯರ್ ಫೋಟೋದಲ್ಲಿ ಗಿಡ್ಡ ಕಾಣುತ್ತದಲ್ಲ.

ರಾಡಿ ಹೊಡೆಯುತ್ತಿದ್ದ ಹುಡುಗ ಕೇಜ್ ವೀಲ್ ಬಿಚ್ಚಿಟ್ಟು ಟ್ರ್ಯಾಕ್ಟರ್ ತಂದ, ಹಗ್ಗ ಕಟ್ಟಿದ. ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಲೇ, ಅವಸರವಿಲ್ಲದೆ, ಜಿಮ್ನಿಯನ್ನು ಈಚೆಗೆ ಎಳೆದಿಟ್ಟಿತು.

ಸಾವಕಾರರು ಅದರ ಹಿಂದಿನ ಗಾಲಿಯ ಹತ್ತಿರ ಬಗ್ಗಿ, ಕೆಸರು ಒರೆಸಿ, 13.6-28 ಎಂಬುದನ್ನು ಓದಿಕೊಂಡರು. “ಏ ತಮ್ಮಾ, ಇದು ಒಟ್ಟು ಎಷ್ಟು ಇಂಚ್ ಎತ್ತರ ಬರ್ತೈತೋ?”

“ಇಂಚ್ ಗೊತ್ತಿಲ್ರೀ ಕಾಕಾ. ನಾ ಲೋ ಒಂದನೇ ಗೇರಿನ್ಯಾಗ ಎಳದೇನಿ.”

ಸಾವಕಾರರು ಆಗಲೇ ಟಾಯರಿನ ಫೋಟೋ ತೆಗೆದು ಮಿಸ್ತ್ರಿಗೆ ಕಳಿಸುತ್ತಿದ್ದರು.